ಕಂಪನಿಗೆ ನಾವು ತೀರಿಸಿದ ಮುಯ್ಯಾಳು

ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಕೋಶದ ನಿರ್ದೇಶಕರಿಗೆ, ಬೆಂಗಳೂರು

ಮಾನ್ಯರೇ,

ನಮ್ಮೂರಿನವರು ಒಂದು ಭಾನುವಾರ ಶಿವಮೊಗ್ಗದವರೆಗೆ ಹೋಗಿ, ಒಂದು ಕಂಪನಿಯ ಅಂಗಳದಲ್ಲಿ ಇಡೀ ದಿನ ಪುಕ್ಕಟೆ ದುಡಿದು ಬಂದರು. ಆ ತಪ್ಪಿಗೆ ತಾವು ನಮ್ಮ ಶಾಲೆ ಮುಚ್ಚುತ್ತಿದ್ದೀರಿ. ಮುಚ್ಚುವುದು ಎಂಬ ಮಾತು ತಮ್ಮ ಆದೇಶದಲ್ಲಿ ಇಲ್ಲವೆಂದು ಬಲ್ಲೆ. ‘ಸಹಭಾಗಿ ಸಂಸ್ಥೆಯ ಬಗ್ಗೆ ಸಮುದಾಯವು ಹಗೆತನ ಪ್ರದರ್ಶಿಸಿರುವುದರಿಂದಲೂ, ಸಂಸ್ಥೆಯ ಲಾಂಛನಕ್ಕೆ ಎರಡು ಬಾರಿ ಅಪಚಾರ ಎಸಗಿರುವುದರಿಂದಲೂ, ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದಲೂ’ ಬಸರಿಕೊಡಿಗೆಯ ಸರ್ಕಾರಿ ಶಾಲೆಯನ್ನು ಬರುವ ಜೂನ್‌ನಿಂದ ಹಳ್ಳದಾಚೆಯ ಶಾಲೆಯಲ್ಲಿ ‘ವಿಲೀನ’ಗೊಳಿಸತಕ್ಕದ್ದು ಎಂದಿದ್ದೀರಿ. ಸಕ್ಕರೆ ಹಾಲಿನಲ್ಲಿ ವಿಲೀನವಾದರೆ ಹಾಲಾದರೂ ಸಿಹಿಯಾಗುತ್ತದೆ. ಶಾಲೆ ವಿಲೀನವಾದರೆ ಏನಾಗುತ್ತದೆ ಎಂದು ತಮ್ಮ ಕೋಶದಲ್ಲಿ ಯಾರಾದರೂ ಒಂದು ಗಳಿಗೆ ಕುಳಿತು ಯೋಚಿಸಿದ್ದಾರೆಯೇ?

ನಾನು ಯಾರೆಂದು ಹೇಳಿಬಿಡುತ್ತೇನೆ. ಹರಿಹರಪುರದ ರಸ್ತೆಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ದನಿಯೇ ದೊಡ್ಡದಾಗಿದೆ, ಅದಕ್ಕೇ ಊರವರು ನನ್ನನ್ನು ಶಾಲಾಭಿವೃದ್ಧಿ ಸಮಿತಿಗೆ ಅಧ್ಯಕ್ಷೆ ಮಾಡಿದರು. ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕೊಡುತ್ತಿರುವುದಕ್ಕೂ ಕಾರಣವಿದೆ. ಹಿಂದೆ ನಾನು ಕಂಪನಿಯ ಮೇಲೆ ತಮಗೆ ಬರೆದ ದೂರನ್ನು ತಾವು ‘ಸೂಕ್ತ ಕ್ರಮಕ್ಕಾಗಿ’ ಅದೇ ಕಂಪನಿಗೆ ಕಳಿಸಿಕೊಟ್ಟಿರಿ. ಕಂಪನಿಯಿಂದ ನನಗೊಂದು ಬಣ್ಣದ ಕಾರ್ಡು ಬಂತು. ಅದರಲ್ಲಿ ನಗುವ ಪೆಂಗ್ವಿನ್ ಒಂದು, ‘ನಮ್ಮ ಸೇವೆ ನಿಮಗೆ ಎಷ್ಟು ಇಷ್ಟವಾಯಿತು?’ ಎಂದು ಕೇಳುತ್ತಿತ್ತು. ಕಳ್ಳತನದ ದೂರನ್ನು ಕಳ್ಳನಿಗೇ ಕಳಿಸುವ ಪದ್ಧತಿ ಇನ್ನೂ ಪೊಲೀಸ್ ಠಾಣೆಗಳಿಗೆ ಬಂದಿಲ್ಲ. ತಮ್ಮ ಕೋಶ ಈ ವಿಷಯದಲ್ಲಿ ಅವರಿಗಿಂತ ಮುಂದಿದೆ.

ಪೆಂಗ್ವಿನ್ ನಮ್ಮೂರಿಗೆ ಬಂದದ್ದು ಹೇಗೆಂಬುದನ್ನು ಓದುಗರಿಗೆ ತಿಳಿಸಬೇಕು. ನಮ್ಮ ಶಾಲೆಯಲ್ಲಿ ಏಳು ತರಗತಿಗೆ ನಾರಾಯಣ ಮೇಷ್ಟ್ರು ಒಬ್ಬರೇ. ಮುಖ್ಯೋಪಾಧ್ಯಾಯರೂ ಅವರೇ, ಗಂಟೆ ಹೊಡೆಯುವವರೂ ಅವರೇ, ಜನಗಣತಿಗೂ ಚುನಾವಣೆಗೂ ಹೋಗುವವರೂ ಅವರೇ. ಇನ್ನೊಬ್ಬರು ಮೇಷ್ಟ್ರನ್ನು ಕೊಡಿ ಎಂದು ವರ್ಷಗಟ್ಟಲೆ ಅರ್ಜಿ ಹಾಕಿದೆವು. ಕಾಸಿರುವವರ ಮಕ್ಕಳು ಅಷ್ಟರಲ್ಲಿ ಹಳದಿ ವ್ಯಾನ್ ಹತ್ತಿ ಕೊಪ್ಪದ ಇಂಗ್ಲಿಷ್ ಶಾಲೆಗೆ ಹೋಗತೊಡಗಿದರು. ಉಳಿದದ್ದು ತೋಟದ ಕೆಲಸಕ್ಕೆ, ಎಸ್ಟೇಟಿನ ಕೆಲಸಕ್ಕೆ ಹೋಗುವವರ ಮಕ್ಕಳು. ಕೊನೆಗೊಂದು ದಿನ ತಮ್ಮ ಕೋಶದಿಂದ ಉತ್ತರ ಬಂತು: ಇನ್ನು ಮುಂದೆ ಸರ್ಕಾರವೊಂದೇ ಎಲ್ಲವನ್ನೂ ಮಾಡುವುದು ಸಾಧ್ಯವಿಲ್ಲ, ಆದ್ದರಿಂದ ನಮ್ಮ ಶಾಲೆಗೆ ಒಬ್ಬ ಖಾಸಗಿ ಸಹಭಾಗಿಯನ್ನು ಗೊತ್ತುಮಾಡಲಾಗಿದೆ. ಸಹಭಾಗಿ ಯಾರೆಂದರೆ ಏರ್ ಕಂಡೀಷನರ್ ಮಾಡುವ ಕಂಪನಿ, ಅದರ ಲಾಂಛನವೇ ಈ ಪೆಂಗ್ವಿನ್. ಡಿಸೆಂಬರ್ ತಿಂಗಳಲ್ಲಿ ಮಕ್ಕಳನ್ನು ಬಿಸಿಲು ಕಾಯಿಸಲು ಅಂಗಳದಲ್ಲಿ ಕೂರಿಸಿ ಪಾಠ ಮಾಡುವ ಶಾಲೆಗೆ ತಂಪು ಮಾಡುವವರನ್ನು ಹುಡುಕಿ ತಂದ ತಮ್ಮ ಜಾಣ್ಮೆಗೆ ಏನೆನ್ನಲಿ? ನಾವು ಮೇಷ್ಟ್ರನ್ನು ಕೇಳಿದೆವು, ತಾವು ಪೆಂಗ್ವಿನ್ ಕೊಟ್ಟಿರಿ.

ಕಂಪನಿಯ ಕಡೆಯಿಂದ ನಿತೀಶ್ ಎಂಬ ತರುಣರೊಬ್ಬರು ಬಂದರು. ಒಳ್ಳೆಯವರೇ. ಒಪ್ಪಂದ ಓದಿ ಹೇಳಿ, ನನ್ನಿಂದ ಸಹಿ ಹಾಕಿಸಿಕೊಂಡರು. ‘ಉಭಯ ಪಕ್ಷಗಳು ಪರಸ್ಪರ ಶ್ರಮ ಮತ್ತು ಸಂಪನ್ಮೂಲಗಳನ್ನು ಹಂಚಿಕೊಳ್ಳತಕ್ಕದ್ದು’ ಎಂಬ ಸಾಲು ಬಂದಾಗ, ಪಕ್ಕದಲ್ಲಿದ್ದ ಬೈರಪ್ಪನವರು ತಲೆದೂಗಿದರು. ಬೈರಪ್ಪನವರು ಅಡಿಕೆ, ಗದ್ದೆ ಇರುವ ಕುಳ, ನಮ್ಮ ಸಮಿತಿಯ ಹಿರಿಯರು. “ಅದು ಸರಿ ಮಾರಾಯ್ರೆ. ನಮ್ಮಲ್ಲೂ ಹಂಗೇ ಇರದು” ಎಂದರು. ಆ ತಲೆದೂಗುವಿಕೆಯೇ ಮುಂದಿನ ಎಲ್ಲ ಅನಾಹುತಕ್ಕೂ ಮೂಲ ಎಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಆಮೇಲೊಂದು ಮಂಗಳವಾರ, ಪಾಠದ ಹೊತ್ತಿನಲ್ಲಿ, ಬಸ್ಸು ತುಂಬ ಕಂಪನಿಯ ನೌಕರರು ಬಂದಿಳಿದರು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಒಂದೇ ಬಣ್ಣದ ಟೊಪ್ಪಿ. ಶ್ರಮದಾನವಂತೆ. ಮಕ್ಕಳನ್ನು ಹೊರಗೆ ಕೂರಿಸಿ ಸಂಜೆಯವರೆಗೆ ಗೋಡೆಗೆಲ್ಲ ಆಕಾಶದ ಬಣ್ಣ ಬಳಿದರು. ಮಗ್ಗಿ ಬರೆದಿದ್ದ ಗೋಡೆಗೂ ಬಳಿದರು, ಕರ್ನಾಟಕದ ನಕ್ಷೆಯ ಮೇಲೂ ಬಳಿದರು, ಕಿಟಕಿಯನ್ನು ತೆರೆಯಲು ಬಾರದಂತೆ ಚೌಕಟ್ಟಿಗೆ ಸೇರಿಸಿ ಬಳಿದರು. ಗೋಡೆಯಲ್ಲೇ ಗಾರೆ ಮಾಡಿ ಕಪ್ಪು ಹಚ್ಚಿದ್ದ ನಮ್ಮ ಕರಿಹಲಗೆಯನ್ನೂ ಬಿಡಲಿಲ್ಲ. ಅದರ ಮೇಲೆ ಆಳೆತ್ತರದ ಪೆಂಗ್ವಿನ್ ಬರೆದರು. ನಡುನಡುವೆ ಫೋಟೊ ತೆಗೆಸಿಕೊಂಡರು. ನಮ್ಮ ಮನೆಗಳಿಂದ ಹೋದ ಕಡುಬು, ಚಟ್ನಿ ತಿಂದು, ಕೈ ಮುಗಿದು ಹೋದರು. ಅವರು ಬೆವರು ಹರಿಸಿದ್ದು ನಿಜ, ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬಳು ಹುಡುಗಿಯಂತೂ ಏಣಿಯ ಮೇಲೆ ನಿಂತು ನಿಂತು ತಲೆ ಸುತ್ತಿ ಕುಳಿತಳು, ಯಲ್ಲಕ್ಕ ಅವಳಿಗೆ ಮಜ್ಜಿಗೆ ತಂದುಕೊಟ್ಟಳು.

ಯಲ್ಲಕ್ಕ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿರುವವಳು, ದಿನಗೂಲಿಯವಳು. ಅವಳ ಮೊಮ್ಮಗಳು ದೀಪಶ್ರೀ ಐದನೆಯ ತರಗತಿ. ಮರುದಿನ ನಾರಾಯಣ ಮೇಷ್ಟ್ರು ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ನಿಂತಾಗ ಇದೇ ದೀಪಶ್ರೀ, “ಸಾರ್, ಇದೆಂಥ ಹಕ್ಕಿ? ಇದರ ಮೇಲೆ ಎಲ್ಲಿ ಬರೀತೀರ?” ಎಂದು ಕೇಳಿದಳು. ಮೇಷ್ಟ್ರಿಗೂ ಗೊತ್ತಿರಲಿಲ್ಲ. ಪೆಂಗ್ವಿನ್ನಿನ ಬೆನ್ನು ಕಪ್ಪಾದರೂ ಎಣ್ಣೆಬಣ್ಣ, ಸೀಮೆಸುಣ್ಣ ಜಾರುತ್ತಿತ್ತು. ಕೊನೆಗೆ ಬಿಸಿಯೂಟದ ಒಲೆಯಿಂದ ಇದ್ದಿಲು ತಂದು ಅದರ ಬಿಳಿ ಹೊಟ್ಟೆಯ ಮೇಲೆ ಭಾಗಾಕಾರ ಹೇಳಿಕೊಟ್ಟರು. ಶೇಷ ಬಂದರೆ ಕಾಲಿನವರೆಗೆ ಇಳಿಯುತ್ತಿತ್ತು. ಲಾಂಛನಕ್ಕೆ ನಾವು ಎಸಗಿದ ಮೊದಲನೆಯ ಅಪಚಾರ ಇದೇ. ತಪಾಸಣೆಗೆ ಬಂದವರು ಅದರ ಫೋಟೊ ತೆಗೆದುಕೊಂಡು ಹೋದರು. ಒಪ್ಪಂದದ ಪ್ರಕಾರ ಲಾಂಛನದ ಮೇಲೆ ಯಾರೂ ಏನನ್ನೂ ಬರೆಯಕೂಡದಂತೆ. ಶಾಲೆಯ ಹಲಗೆಯ ಮೇಲೆ ಬರೆಯಕೂಡದು ಎಂಬ ಷರತ್ತನ್ನು ಓದಿ ಮುದ್ರೆ ಒತ್ತಿದ ಅಧಿಕಾರಿ ಯಾವ ಶಾಲೆಯಲ್ಲಿ ಓದಿದವರು ಎಂಬ ಕುತೂಹಲ ನನಗೆ ಇವತ್ತಿಗೂ ಇದೆ.

ಸಂಪನ್ಮೂಲ ಎಂದರೆ ಒಂದು ಏರ್ ಕಂಡೀಷನರು. ಉದ್ಘಾಟನೆಯ ದಿನ ಅದನ್ನು ಚಾಲೂ ಮಾಡಿದ ಕೂಡಲೇ ಊರಿನ ಬಲ್ಬುಗಳೆಲ್ಲ ಮಿಣುಕುಹುಳಗಳಾದವು, ನನ್ನ ಗಿರಣಿ ಅರ್ಧ ಬೀಸಿದ ರಾಗಿಯೊಂದಿಗೆ ನಿಂತೇಹೋಯಿತು. ಆಮೇಲೆ ಯಾರೂ ಅದರ ಗೊಡವೆಗೆ ಹೋಗಲಿಲ್ಲ. ಅಡುಗೆಯವಳು ಅದರ ಮೇಲೆ ತಟ್ಟೆ ಒಣಹಾಕುತ್ತಾಳೆ. ನಮಗೆ ಬೇಕಾಗಿದ್ದುದು ಮಾಡಿನ ರಿಪೇರಿ. ಪ್ರತಿ ಬೇಸಿಗೆಯ ಕೊನೆಗೆ ಊರವರು ಸೇರಿ ಶಾಲೆಯ ಹಂಚು ಕೈಯಾಡಿಸುವುದು, ಎಂದರೆ ಒಡೆದದ್ದನ್ನು ತೆಗೆದು ಬೇರೆ ಕೂರಿಸುವುದು, ನಮ್ಮ ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ನಿತೀಶ್ ಅವರನ್ನು ಕೇಳಿದರೆ, “ಮೇಡಂ, ರೂಫ್ ನಮ್ಮ ಸ್ಕೋಪ್‌ನಲ್ಲಿ ಬರಲ್ಲ, ಫೋಟೊದಲ್ಲಿ ಕಾಣೋ ಏರಿಯಾ ಮಾತ್ರ ನಮ್ದು” ಎಂದರು. ಹಾಗಾದರೆ ನಾವೇ ಮಾಡಿಕೊಳ್ಳುತ್ತೇವೆ ಎಂದರೆ, “ಅಯ್ಯೋ ಬೇಡ ಮೇಡಂ, ಮೆಂಟೆನೆನ್ಸ್ ಈಗ ಪಾರ್ಟ್ನರ್ ಹತ್ರ ಇದೆ, ಬೇರೆಯವರು ಮುಟ್ಟೋ ಹಾಗಿಲ್ಲ” ಎಂದರು. ಅವರು ಮಾಡುವುದಿಲ್ಲ, ನಾವು ಮಾಡಕೂಡದು. ಸೋರುವ ನೀರಿಗೆ ಮಾತ್ರ ಯಾವ ಒಪ್ಪಂದವೂ ಅನ್ವಯಿಸಲಿಲ್ಲ.

ಇಷ್ಟಾದರೂ ನಾವು ಕಂಪನಿಯ ಮೇಲೆ ಹಗೆ ಸಾಧಿಸಲಿಲ್ಲ, ಮಾನ್ಯರೇ. ನಮ್ಮನ್ನು ಕಾಡಿದ್ದು ಬೇರೆಯೇ ಚಿಂತೆ. ತಮಗೆ ಮುಯ್ಯಾಳು ಗೊತ್ತಿರಲಾರದು. ನನ್ನ ತೋಟದ ಕೆಲಸಕ್ಕೆ ನಿಮ್ಮ ಮನೆಯಿಂದ ಒಂದು ಆಳು ಬಂದರೆ, ನಿಮ್ಮ ಗದ್ದೆಯ ಕೆಲಸದ ದಿನ ನನ್ನ ಮನೆಯಿಂದ ಒಂದು ಆಳು ಬರಬೇಕು. ಕೂಲಿ ಇಲ್ಲ, ಊಟ ಇದೆ. ಬಂದ ಆಳು ಕೆಲಸ ಚೆನ್ನಾಗಿ ಮಾಡಿತೋ ಕೆಡಿಸಿತೋ ಎಂದು ನೋಡುವಂತಿಲ್ಲ, ತೀರಿಸಲೇಬೇಕು. ತೀರಿಸದ ಮನೆಗೆ ಮುಂದಿನ ಸಲ ಯಾರೂ ಹೋಗುವುದಿಲ್ಲ. ಬಸ್ಸು ತುಂಬ ಜನ ಬಂದು ನಮ್ಮ ಶಾಲೆಗೆ ಒಂದು ದಿನ ದುಡಿದು ಹೋಗಿದ್ದರಲ್ಲ, ಆ ಆಳು ನಮ್ಮ ಮೇಲೆ ಹಾಗೇ ಉಳಿದಿತ್ತು. ಸಮಿತಿಯ ಸಭೆಯಲ್ಲಿ ಈ ಮಾತೆತ್ತಿದವಳು ಯಲ್ಲಕ್ಕ. “ಆ ಕೂಸು ತಲೆ ತಿರ್ಗಿ ಬೀಳಂಗೆ ಕೆಲ್ಸ ಮಾಡ್ಯದೆ. ನಾವು ಸುಮ್ನೆ ಕೂತ್ರೆ ಎಂಥ ಚಂದ ಹೇಳಿ? ಆಳಿಗೆ ಆಳು ಕೊಡ್ದೆ ಹೆಂಗೆ ಮುಖ ತೋರ್ಸದು?” ಎಂದಳು. ಬೈರಪ್ಪನವರು ಒಪ್ಪಂದದ ಆ ಸಾಲನ್ನು ಮತ್ತೆ ಓದಿಸಿದರು. “ಪರಸ್ಪರ ಅಂತ ಸರ್ಕಾರವೇ ಬರ್ದದೆಯಲ್ಲ ಮಾರಾಯ್ತಿ, ಇನ್ನೆಂಥ ನೋಡದು? ಹೋಗಿ ತೀರಿಸ್ಬಿಡಾನ” ಎಂದರು. ಮಕ್ಕಳ ಪಾಠ ಕೆಡಬಾರದು ಎಂದು ಭಾನುವಾರವನ್ನೇ ಗೊತ್ತುಮಾಡಿದೆವು. ಕಂಪನಿಯವರಿಗೆ ಆ ಯೋಚನೆ ಬಂದಿರಲಿಲ್ಲ, ನಮಗೆ ಬಂತು.

ಹಾರೆ, ಗುದ್ದಲಿ, ಕತ್ತಿ, ಬುಟ್ಟಿಗಳನ್ನು ಬಸ್ಸಿನ ಮೇಲೆ ಕಟ್ಟಿ, ಬುತ್ತಿ ಹಿಡಿದು ಹೊರಟೆವು. ಮನೆಗೊಂದು ಆಳು. ಶಿವಮೊಗ್ಗದ ಹೊರವಲಯದಲ್ಲಿ ಕಂಪನಿಯ ಗಾಜಿನ ಕಚೇರಿ, ಅದಕ್ಕೆ ಬೀಗ. ಗೇಟಿನಲ್ಲಿದ್ದ ಕಾವಲುಗಾರ ಕರಿಬಸವಯ್ಯನವರು ಕತ್ತಿಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಬೈರಪ್ಪನವರು ವಿಷಯ ಹೇಳಿದ್ದೇ ತಡ ಅವರ ಮುಖ ಅರಳಿತು. “ಓಹೋ, ಮುಯ್ಯಾಳೇನ್ರೀ! ಮೊದ್ಲೇ ಹೇಳ್ಬಾರ್ದಾ? ನಮ್ಮೂರಾಗೂ ಐತಿ. ಬರ್ರಿ, ಬರ್ರಿ” ಎಂದು ಗೇಟು ತೆರೆದರು. ಇಡೀ ಪ್ರಕರಣದಲ್ಲಿ ಸಹಭಾಗಿತ್ವ ಎಂದರೇನೆಂದು ತಕ್ಷಣ ಅರ್ಥವಾದದ್ದು ಅವರೊಬ್ಬರಿಗೆ.

ಒಳಗೆ ಮಾಡುವ ಕೆಲಸವನ್ನು ನಾವೇ ಹುಡುಕಿಕೊಂಡೆವು. ಅಂಗಳ ನೋಡಿ ನಮಗೆ ಅಯ್ಯೋ ಅನ್ನಿಸಿತು. ಎಲ್ಲಿ ನೋಡಿದರೂ ಹುಲ್ಲು ಬೆಳೆದುಹೋಗಿದೆ, ಒಂದು ದನವೂ ಇಲ್ಲ. ನಡುವೆ ಸಾಲಾಗಿ ಅಡಿಕೆಯ ಜಾತಿಯ ಮರಗಳು, ಒಂದರಲ್ಲೂ ಗೊನೆಯಿಲ್ಲ. ಬೈರಪ್ಪನವರು ಒಂದು ಮರದ ಬುಡಕ್ಕೆ ಕಾಲಿನಿಂದ ಒದ್ದು ನೋಡಿ, “ಬುಡ ಬಿಡಿಸ್ದೆ ಎಷ್ಟು ಕಾಲ ಆಯ್ತೇನ. ಪಾಪ, ಇವ್ರಿಗೆ ಹೇಳೋರಿಲ್ಲ, ಕೇಳೋರಿಲ್ಲ” ಎಂದು ಮರುಗಿದರು. ಅಲ್ಲಿಂದ ಸಂಜೆಯವರೆಗೆ ಯಾರೂ ಬೆನ್ನು ನೆಟ್ಟಗೆ ಮಾಡಲಿಲ್ಲ. ಹುಲ್ಲನ್ನೆಲ್ಲ ಬುಡಸಮೇತ ಕೆತ್ತಿ ತೆಗೆದೆವು. ಪ್ರತಿ ಮರದ ಸುತ್ತ ಮಣ್ಣು ಬಿಡಿಸಿದೆವು. ಬುಡಕ್ಕೆ ಹಾಕಲು ಆ ಹುಲ್ಲಿನ ಜೊತೆ ಸೊಪ್ಪೂ ಬೇಕಾಯಿತು, ಕಾಂಪೌಂಡಿನ ಉದ್ದಕ್ಕೂ ಒಳ್ಳೆಯ ದಟ್ಟ ಸೊಪ್ಪಿನ ಬೇಲಿಯಿತ್ತು, ಕತ್ತರಿಸಿ ಹಾಕಿದೆವು. ಮೇಲೆ ಮಣ್ಣು ಮುಚ್ಚಿ, ಪಾತಿ ಕಟ್ಟಿ, ನೀರು ಹರಿಯಲು ಬಾಗಿಲ ಮುಂದಿನಿಂದ ಗೇಟಿನವರೆಗೆ ಕಪ್ಪು ಹೊಡೆದೆವು. ಕಪ್ಪು ಎಂದರೆ ತೋಟದ ಕಾಲುವೆ, ಆಳವಾಗಿಯೇ ಇರುತ್ತದೆ. ಹೆಂಗಸರು ಬಾಗಿಲಲ್ಲಿದ್ದ ಗೊಂಬೆ ಪೆಂಗ್ವಿನ್ನನ್ನು ಕಂಡರು. ಅದರ ತಲೆಯ ಮೇಲೆಲ್ಲ ಹಕ್ಕಿ ಹಿಕ್ಕೆ. ಯಲ್ಲಕ್ಕ ತೆಂಗಿನ ನಾರು, ಬೂದಿ ಹಿಡಿದು ಅದನ್ನು ಮಗುವಿಗೆ ಮೀಸುವಂತೆ ಉಜ್ಜಿದಳು. ಕೊಕ್ಕಿನ ಬಣ್ಣ ಪೂರಾ ಎದ್ದುಹೋಯಿತು. ಇದು ಎರಡನೆಯ ಅಪಚಾರ.

ಕೆಲಸ ಮುಗಿಸಿ ತಿರುಗಿ ನೋಡಿದಾಗ ನಮಗೆಲ್ಲ ಎಷ್ಟು ಸಮಾಧಾನವಾಗಿತ್ತೆಂದು ತಮಗೆ ಹೇಗೆ ತಿಳಿಸಲಿ? ಇಡೀ ಅಂಗಳ ಕೆಂಪು ಮಣ್ಣಿನಿಂದ ಚೊಕ್ಕಟವಾಗಿ ಕಾಣುತ್ತಿತ್ತು. “ಬರೋ ವರ್ಷ ಗೊನೆ ಬಿಡ್ದಿದ್ರೆ ನನ್ನ ಕೇಳಿ” ಎಂದು ಬೈರಪ್ಪನವರು ಕಾವಲುಗಾರರಿಗೆ ಮಾತು ಕೊಟ್ಟರು. ಬಸ್ಸಿನಲ್ಲಿ ನಿದ್ದೆ ಮಾಡುತ್ತ ಬಂದೆವು, ಹೆಗಲ ಮೇಲಿನ ಹೊರೆ ಇಳಿದಿತ್ತು.

ಸೋಮವಾರ ಏನಾಯಿತೆಂದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ನಿತೀಶ್ ಫೋನಿನಲ್ಲಿ ಅಳುವುದೊಂದು ಬಾಕಿ. “ಮೇಡಂ, ಲಾನ್ ಎಲ್ಲಿ ಮೇಡಂ? ಲಾನ್ ಎಲ್ಲಿ?” ಎಂದರು. ಹುಲ್ಲಾ, ಅದನ್ನು ಮರದ ಬುಡಕ್ಕೆ ಹಾಕಿದ್ದೇವೆ ಎಂದೆ. ಮಾರಕಾಸ್ತ್ರ ಹಿಡಿದು ಅತಿಕ್ರಮ ಪ್ರವೇಶ ಎಂದು ದೂರಾಯಿತು. ವಿಚಾರಣೆಗೆ ಬಂದ ಪೊಲೀಸರು ನನ್ನ ಗಿರಣಿಯಲ್ಲಿ ಕುಳಿತು ಎಲ್ಲ ಕೇಳಿ, ಬಹಳ ಹೊತ್ತು ನಕ್ಕು, ಆ ಮರಗಳು ಬರೀ ಅಂದಕ್ಕೆ ನೆಟ್ಟವು, ಅವುಗಳಲ್ಲಿ ಗೊನೆ ಬಿಡುವುದೇ ಇಲ್ಲ ಎಂದು ನಮಗೆ ತಿಳಿಸಿ ಹೋದರು. ಬೈರಪ್ಪನವರು ಇನ್ನೂ ನಂಬಿಲ್ಲ. ಫಲ ಬಿಡದ ಮರಕ್ಕೆ ದಿನವೂ ನೀರು ಹಾಕುವ ಜನ ಇರುತ್ತಾರೆ ಎಂಬುದೇ ಅವರಿಗೆ ಅರ್ಥವಾಗಿಲ್ಲ. ಪೊಲೀಸರು ನಕ್ಕು ಬಿಟ್ಟದ್ದನ್ನು ತಾವು ನಗದೆ ಹಿಡಿದುಕೊಂಡಿರಿ, ಹಗೆತನ ಎಂದು ಬರೆದಿರಿ.

ಯಾವುದು ಹಗೆತನ, ಮಾನ್ಯರೇ? ಅವರು ನಮ್ಮ ಕರಿಹಲಗೆ ಅಳಿಸಿದರು, ಅದು ಶ್ರಮದಾನ. ನಾವು ಅವರ ಹುಲ್ಲು ಕಿತ್ತೆವು, ಅದು ಅಪರಾಧ. ಎರಡೂ ಕಡೆಯವರು ಕೇಳದೆ ಹೋದರು, ತಿಳಿಯದೆ ಮಾಡಿದರು, ಬೆವರು ಸುರಿಸಿದರು. ಅವರ ಹುಲ್ಲು ಒಂದು ಮಳೆಗೆ ಮತ್ತೆ ಬರುತ್ತದೆ. ದೀಪಶ್ರೀಯ ಹೋದ ವರ್ಷ ಬರುತ್ತದೆಯೇ? ಸಹಭಾಗಿತ್ವ ಎಂಬ ಪದವನ್ನು ಇಡೀ ರಾಜ್ಯದಲ್ಲಿ ನಂಬಿದವರು ಬಹುಶಃ ನಾವೇ ಇರಬೇಕು. ತಾವು ಅದನ್ನು ಅಚ್ಚು ಹಾಕಿಸಿದಿರಿ, ಕಂಪನಿ ಅದರ ಫೋಟೊ ತೆಗೆಯಿತು, ನಾವು ಮಾತ್ರ ಅದನ್ನು ನಿಜವೆಂದು ತಿಳಿದು ಗುದ್ದಲಿ ಹೊತ್ತು ಬಸ್ಸು ಹತ್ತಿದೆವು.

ಈ ಶಾಲೆ ತಮ್ಮ ಕೋಶಕ್ಕಿಂತ ಹಳೆಯದು. ಜಾಗ ಕೊಟ್ಟದ್ದು ಬೈರಪ್ಪನವರ ಅಜ್ಜ. ಗೋಡೆಯ ಕಲ್ಲು ಹೊತ್ತವರಲ್ಲಿ ಯಲ್ಲಕ್ಕನ ಅವ್ವ ಒಬ್ಬಳು, ಅವಳ ಮಕ್ಕಳು ಯಾರೂ ಆ ಗೋಡೆಯ ಒಳಗೆ ಕೂರಲಿಲ್ಲ. ಕುಳಿತವಳು ಈಗ ದೀಪಶ್ರೀ. ಅಂದು ಸರ್ಕಾರದಿಂದ ಬಂದದ್ದು ಹಂಚು ಮತ್ತು ಒಬ್ಬ ಮೇಷ್ಟ್ರು. ನಮ್ಮದು ಕೈ, ತಮ್ಮದು ಮೇಷ್ಟ್ರು, ಅಷ್ಟೇ ಮಾತು. ಆ ಮಾತಿಗೆ ಮುದ್ರೆಯೂ ಇರಲಿಲ್ಲ, ಪೆಂಗ್ವಿನ್ನೂ ಇರಲಿಲ್ಲ. ನಮ್ಮ ಪಾಲನ್ನು ನಾವು ಪ್ರತಿ ಬೇಸಿಗೆ ಕೊಡುತ್ತ ಬಂದೆವು. ತಮ್ಮ ಪಾಲು ಕೊಡುವುದು ಕಷ್ಟವಾದಾಗ ತಾವು ಏನು ಮಾಡಿದಿರಿ? ತಮ್ಮ ಬದಲಿಗೆ ಇನ್ನೊಬ್ಬರನ್ನು ತಂದು ನಿಲ್ಲಿಸಿ, ಅವರಿಗೂ ನಮಗೂ ಜಗಳವಾಯಿತೆಂದು ಹೇಳಿ, ಬಾಗಿಲು ಹಾಕಿಕೊಂಡಿರಿ. ಕಂಪನಿ ಫ್ರಿಜ್ಜು ಮಾರಲಿ, ಏಸಿ ಮಾರಲಿ, ನನಗೇನೂ ಹೊಟ್ಟೆಯುರಿ ಇಲ್ಲ. ಆದರೆ ಮೇಷ್ಟ್ರನ್ನು ಕೊಡುವುದು ಯಾರ ಸ್ಕೋಪಿನಲ್ಲಿ ಬರುತ್ತದೆ?

ಹಳ್ಳದಾಚೆಯ ಶಾಲೆ ನಿಗದಿತ ದೂರದೊಳಗೇ ಇದೆ ಎಂದು ಆದೇಶದಲ್ಲಿದೆ. ನಕ್ಷೆಯ ಮೇಲೆ ಗೆರೆ ಎಳೆದು ಅಳೆದಿದ್ದೀರಿ. ಕಾಗೆಗಾದರೆ ಸರಿ. ನಮ್ಮ ಮಕ್ಕಳಿಗೂ ತಮ್ಮ ಪೆಂಗ್ವಿನ್ನಿಗೂ ಹಾರಲು ಬರುವುದಿಲ್ಲ. ನಡೆಯುವವರು ಎಸ್ಟೇಟು ಸುತ್ತಿ, ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಸಂಕ ದಾಟಬೇಕು. ಮಳೆಗಾಲದಲ್ಲಿ ಆ ಸಂಕ ಒಂದು ವರ್ಷವೂ ಉಳಿದದ್ದಿಲ್ಲ. ಎಸ್ಟೇಟಿಗೆ ಹೋಗುವ ತಾಯಂದಿರು ಕೆಲಸ ಬಿಟ್ಟು ಮಕ್ಕಳನ್ನು ದಾಟಿಸಲು ನಿಲ್ಲಲಾರರು. “ಇನ್ನೆಂಥ ಮಾಡದು ಜಲಜಕ್ಕ, ಕೂಸನ್ನ ನನ್ ಸಂಗ್ತಿ ತೋಟಕ್ಕೆ ಕರ್ಕಂಡೋಗ್ತೆ” ಎಂದಿದ್ದಾಳೆ ಯಲ್ಲಕ್ಕ. ಇದೇ ತಮ್ಮ ವಿಲೀನ. ಭಾಗಾಕಾರ ಕಲಿತ ಹುಡುಗಿ ಕಾಫಿ ಗಿಡಗಳ ನಡುವೆ ವಿಲೀನವಾಗುತ್ತಾಳೆ.

ಆದ್ದರಿಂದ ನಮ್ಮ ಬೇಡಿಕೆ ಕೇಳಿ. ಆದೇಶ ವಾಪಸು ಪಡೆಯಿರಿ. ಹಲಗೆಗೆ ಕಪ್ಪು ಹಚ್ಚಲು ಬಿಡಿ, ಕಪ್ಪು ಬಣ್ಣ ನಾವೇ ತರುತ್ತೇವೆ. ಮಳೆ ಹಿಡಿಯುವ ಮೊದಲು ಮಾಡು ಹತ್ತಲು ಬಿಡಿ. ಮೇಷ್ಟ್ರನ್ನು ಕೊಡಿ. ಮತ್ತು ತಾವೇ ಒಂದು ದಿನ ಬನ್ನಿ. ಕಂಪನಿಯ ಆಳು ತೀರಿದೆ, ಲೆಕ್ಕ ಚುಕ್ತಾ. ತಮ್ಮ ಇಲಾಖೆಯ ಕಟ್ಟಡಕ್ಕೆ ನಾವು ಇಷ್ಟು ಬೇಸಿಗೆ ಕೊಟ್ಟ ಆಳು ಮಾತ್ರ ಒಂದೂ ತಿರುಗಿ ಬಂದಿಲ್ಲ. ಹಂಚು ಕೊಡಲು ಕೆಳಗೆ ನಿಂತರೂ ಸಾಕು. ಊಟಕ್ಕೆ ಕಡುಬು ಇರುತ್ತದೆ.

ಬರುವಾಗ ಒಂದು ಉತ್ತರವನ್ನೂ ತನ್ನಿ. ಮೊನ್ನೆ ಯಲ್ಲಕ್ಕ ರಾಗಿ ಬೀಸಿಸಲು ಬಂದವಳು, ಗಿರಣಿ ನಿಂತ ಮೇಲೂ ಹೋಗದೆ ನಿಂತಿದ್ದಳು. ಆಮೇಲೆ ಕೇಳಿದಳು: “ಜಲಜಕ್ಕ, ನಾನು ಅವತ್ತು ಬಾಯಿ ಮುಚ್ಕಂಡಿದ್ರೆ, ನಾವು ಆ ಆಳು ತೀರ್ಸದೇ ಇದ್ದಿದ್ರೆ, ಶಾಲೆ ಉಳೀತಿತ್ತ?”

ಉಳಿಯುತ್ತಿತ್ತು ಎಂಬುದು ತಮ್ಮ ಆದೇಶದಲ್ಲಿ ಸ್ಪಷ್ಟವಾಗಿಯೇ ಇದೆ. ಅವಳಿಗೆ ಅದನ್ನು ಹೇಳಲು ನನ್ನ ಇಷ್ಟು ದೊಡ್ಡ ಬಾಯಿಗೂ ಆಗಲಿಲ್ಲ. ತಾವೇ ಬಂದು ಹೇಳಿ.

ಇಂತಿ,
ಯಾರ ಆಳನ್ನೂ ಬಾಕಿ ಉಳಿಸಿಕೊಳ್ಳದ ತಪ್ಪಿಗೆ ಶಾಲೆ ಕಳೆದುಕೊಳ್ಳುತ್ತಿರುವ ಊರಿನ ಪರವಾಗಿ,
ಜಲಜಮ್ಮ
ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆ (ಜೂನ್‌ವರೆಗೆ), ಬಸರಿಕೊಡಿಗೆ, ಕೊಪ್ಪ ತಾಲ್ಲೂಕು
ಏಪ್ರಿಲ್ ೨೦೦೭